'ಹೋದಲಿಲ್ಲ' ಅಂತೀವಾ?

ಸಂಜೆ ನಮ್ಮ ಜಗಲಿಯಲ್ಲಿ ಬೀದಿಯ ಏಳನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ನಿನ್ನೆ ಒಬ್ಬಳು 1/2 + 1/3 = 2/5 ಅಂತ ಬರೆದಿದ್ದಳು. ತಪ್ಪು ಅನ್ನಲಿಲ್ಲ. ಒಂದು ರೊಟ್ಟಿಯನ್ನು ಆರು ಸಮ ಚೂರು ಮಾಡಿ ಕೊಟ್ಟೆ. ಅರ್ಧಕ್ಕೆ ಮೂರು ಚೂರು, ಮೂರನೇ ಒಂದು ಭಾಗಕ್ಕೆ ಎರಡು. ತಾನೇ ಎಣಿಸಿ, "ಮಿಸ್, 5/6! 2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ?" ಅಂದಳು. ಉತ್ತರಕ್ಕಿಂತ ಆ ಪ್ರಶ್ನೆಯೇ ನನಗೆ ಜಾಸ್ತಿ ಖುಷಿ ಕೊಟ್ಟಿತು.

ಇಂಗ್ಲಿಷ್ ವ್ಯಾಕರಣಕ್ಕೆ ಕನ್ನಡವನ್ನೇ ಹಿಡಿಯುತ್ತೇನೆ. 'ಐ ಡಿಡ್ ನಾಟ್ ವೆಂಟ್' ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ. ನಾವು 'ಹೋದೆ'ಗೆ 'ಹೋಗಲಿಲ್ಲ' ಅಂತೀವಿ, 'ಹೋದಲಿಲ್ಲ' ಅನ್ನಲ್ಲ. ವೆಂಟ್ ಕೂಡ ಹಾಗೇ, ಡಿಡ್ ಬಂದ ಕೂಡಲೇ ಗೋ ಆಗುತ್ತದೆ. ಸುಮ್ನೆ ನಿಯಮ ಬಾಯಿಪಾಠ ಮಾಡಿಸಿದಾಗ ವಾರದಲ್ಲೇ ಮರೆಯುತ್ತಿದ್ದರು. ಈಗ ಒಬ್ಬ ತಪ್ಪಿದರೆ ಉಳಿದವರೇ "ಹೋದಲಿಲ್ಲ!" ಅಂತ ನೆನಪಿಸುತ್ತಾರೆ.