ಅಡುಗೆಮನೆ ಸಮೇತ ಕೆನಡಾ ಗಡಿ ದಾಟಿದ್ದು

ಕಾರಿನಲ್ಲಿ ಕೆನಡಾ ಗಡಿ ದಾಟುವುದೇ ಬೇರೆ, ಆರ್‌ವಿಯಲ್ಲಿ, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ ಇರುವ ಗಾಡಿಯಲ್ಲಿ, ದಾಟುವುದೇ ಬೇರೆ. ಕಾರಾದರೆ ಪಾಸ್‌ಪೋರ್ಟ್ ನೋಡುತ್ತಾರೆ, ಎಲ್ಲಿಗೆ, ಎಷ್ಟು ದಿನ ಅಂತ ಕೇಳುತ್ತಾರೆ, ಬಿಟ್ಟು ಕಳಿಸುತ್ತಾರೆ. ಆರ್‌ವಿಯಾದರೆ ನಮ್ಮ ಜೊತೆ ಫ್ರಿಜ್ಜು, ಒಲೆ, ಸಾರಿನ ಪುಡಿ ಡಬ್ಬ, ಸಿಂಕಿನ ಕೆಳಗಿನ ತರಕಾರಿ ಬುಟ್ಟಿ ಎಲ್ಲವೂ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತವೆ. ಗಡಿಯವರಿಗೆ ನಮ್ಮ ಮೇಲಿಗಿಂತ ಆ ಬುಟ್ಟಿಯ ಮೇಲೇ ಜಾಸ್ತಿ ಕಣ್ಣು.

ನಾವಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ದರು. ಕೆನಡಾದ ರಾಕಿ ಪರ್ವತ ತೋರಿಸಲು ಬ್ಯಾನ್ಫ್‌ವರೆಗೆ ಕರೆದುಕೊಂಡು ಹೋಗೋಣ ಅಂತ ಆಸೆ. ಒಂದು ಕಡೆಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಅಪ್ಪನಿಗೆ ಮಂಡಿನೋವು, ಆಗಾಗ ಕಾಲು ಚಾಚಿ ಮಲಗಬೇಕು. ಅಮ್ಮನಿಗೆ ಹೋಟೆಲ್ ಊಟ ಒಂದು ಹೊತ್ತಿಗಿಂತ ಜಾಸ್ತಿ ಆಗಲ್ಲ. ಮಗಳಿಗೆ ಅರ್ಧ ಗಂಟೆಗೊಮ್ಮೆ ಬಾತ್‌ರೂಮ್. ಲೆಕ್ಕ ಹಾಕಿ ನೋಡಿದರೆ ಎಲ್ಲದಕ್ಕೂ ಉತ್ತರ ಆರ್‌ವಿ ಒಂದೇ. ಬಾಡಿಗೆಗೆ ತೆಗೆದುಕೊಂಡೆವು.

ಊರಿನವರಿಗೆ ಇದು ಸಿನಿಮಾ ನಟರ ಕ್ಯಾರವಾನ್ ಇದ್ದ ಹಾಗೆ ಅಂದರೆ ಥಟ್ಟನೆ ಗೊತ್ತಾಗುತ್ತೆ. ನಾವು ತೆಗೆದುಕೊಂಡದ್ದು ಇಲ್ಲಿ ಕ್ಲಾಸ್ ಸಿ ಅನ್ನುವ ಬಗೆ. ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ ಒಂದು ಪುಟ್ಟ ಮನೆ. ಡ್ರೈವರ್ ತಲೆಯ ಮೇಲೊಂದು ಅಟ್ಟ, ಅದರಲ್ಲಿ ಹಾಸಿಗೆ. ಹಿಂದೆ ಇನ್ನೊಂದು ಮಂಚ. ನಡುವೆ ಗ್ಯಾಸ್ ಒಲೆ, ಫ್ರಿಜ್ಜು, ಊಟದ ಮೇಜು, ನಿಂತರೆ ಮೊಣಕೈ ತಗಲುವಷ್ಟು ಚಿಕ್ಕ ಬಾತ್‌ರೂಮ್. ಇಷ್ಟು ದೊಡ್ಡ ಗಾಡಿ ಓಡಿಸಲು ಬೇರೆ ಲೈಸೆನ್ಸ್ ಬೇಡ, ಕಾರಿನದೇ ಸಾಕು. ಅಪ್ಪ ಇದನ್ನು ಕೊನೆಯವರೆಗೂ ನಂಬಲಿಲ್ಲ. ಪೊಲೀಸ್ ಕಾರು ಕಂಡಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು.

ಹೊರಡುವ ಮುಂಚಿನ ಕಾಗದಪತ್ರದ ಕೆಲಸ ಹೇಳಿಬಿಡುತ್ತೇನೆ, ಯಾಕೆಂದರೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅಮೆರಿಕದ ವೀಸಾ ಇದ್ದರೆ ಕೆನಡಾಕ್ಕೂ ನಡೆಯುತ್ತೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಲ್ಲ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಬೇರೆಯೇ ಬೇಕು. ನಮ್ಮವರಿಗೆ ಬೆಂಗಳೂರಿನಲ್ಲೇ ಬೆರಳಚ್ಚು ಕೊಡಿಸಿ ಮೊದಲೇ ಮಾಡಿಸಿಟ್ಟಿದ್ದೆವು. ಗ್ರೀನ್ ಕಾರ್ಡ್ ಇರುವವರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿದ್ದರೆ ಆಯಿತು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವ ಗೆಳೆಯರಿಗೆ ಇನ್ನೊಂದು ವಿಷಯ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಮುಗಿದಿದ್ದರೂ ಐ-94, ಅಂದರೆ ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅಂತ ಹೇಳುವ ದಾಖಲೆ, ಚಾಲ್ತಿಯಲ್ಲಿದ್ದರೆ, 30 ದಿನದೊಳಗೆ ಕೆನಡಾಕ್ಕೆ ಹೋಗಿ ವಾಪಸ್ ಬರಬಹುದು. ಆದರೆ ಅಲ್ಲಿದ್ದಾಗ ಹೊಸ ವೀಸಾಗೆ ಅರ್ಜಿ ಹಾಕಿದಿರೋ, ಆ ಅನುಕೂಲ ಹೋಯಿತು. ಬಾಡಿಗೆ ಗಾಡಿಯಾದರೆ ಕೆನಡಾಕ್ಕೆ ಒಯ್ಯಲು ಬಾಡಿಗೆಯವರ ಒಪ್ಪಿಗೆ ಕಾಗದದಲ್ಲೇ ಇರಲಿ. ಕೆನಡಾದಲ್ಲೂ ವಿಮೆ ಇದೆ ಅಂತ ತೋರಿಸುವ ಕಾರ್ಡನ್ನೂ ಕೇಳಿ ಇಸಕೊಳ್ಳಿ.

ಸಿಯಾಟಲ್‌ನಿಂದ ಕೆನಡಾಕ್ಕೆ ಹೋಗುವವರೆಲ್ಲ ಬ್ಲೇನ್ ಊರಿನ ಪೀಸ್ ಆರ್ಚ್ ಕಡೆಗೇ ಹೋಗುತ್ತಾರೆ. 1921ರಲ್ಲಿ ಕಟ್ಟಿದ ಬಿಳಿ ಕಮಾನು, ಸರಿಯಾಗಿ ಗಡಿಯ ಮೇಲೇ ನಿಂತಿದೆ, ಫೋಟೋಗೆ ಚೆನ್ನಾಗಿರುತ್ತೆ. ವಾರಾಂತ್ಯದಲ್ಲಿ ಅಲ್ಲಿ ನಿಲ್ಲುವ ಕಾರುಗಳ ಸಾಲಿನಲ್ಲಿ ಇಷ್ಟು ಉದ್ದದ ಗಾಡಿ ಸೇರಿಸುವ ಧೈರ್ಯ ನನಗಿರಲಿಲ್ಲ. ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಹೈವೇ ಬಿಟ್ಟು ರಾಸ್ಪ್‌ಬೆರಿ ತೋಟಗಳ ನಡುವಿನ ರಸ್ತೆ ಹಿಡಿದು ಸೂಮಸ್ ಎಂಬ ಸಣ್ಣ ಊರಿಗೆ ಬಂದೆವು. ರಾಕಿ ಕಡೆಗೆ ಹೋಗುವವರಿಗೆ ದಾರಿಯೂ ಅದೇ.

ಆರ್‌ವಿಯಲ್ಲಿ ಡ್ರೈವರ್ ಸೀಟು ಎತ್ತರ. ಕಾರಿನಲ್ಲಿ ಕೂತು ಅಧಿಕಾರಿಯನ್ನು ತಲೆಯೆತ್ತಿ ನೋಡಿ ಅಭ್ಯಾಸ. ಇಲ್ಲಿ ನಾನು ಬಗ್ಗಿ ಪಾಸ್‌ಪೋರ್ಟ್ ಕೊಟ್ಟೆ, ಕೆನಡಾದ ಆಕೆ ಕೈ ಚಾಚಿ ಇಸಕೊಂಡರು. ಪಕ್ಕದ ಕನ್ನಡಿ ಬೂತಿಗೆ ಬಡಿಯದ ಹಾಗೆ ನಿಲ್ಲಿಸುವುದರಲ್ಲೇ ಅರ್ಧ ಜೀವ ಹೋಗಿತ್ತು. ಮೊದಲ ಪ್ರಶ್ನೆ, ಬಂದೂಕು ಇದೆಯಾ? ಅಮೆರಿಕನ್ನರ ಆರ್‌ವಿಗಳಲ್ಲಿ ಅದು ಇರುವುದುಂಟು, ಅದಕ್ಕೇ ಕೇಳುತ್ತಾರೆ. ಆಮೇಲೆ ಪೆಪ್ಪರ್ ಸ್ಪ್ರೇ? ಅಮೆರಿಕದಲ್ಲಿ ಹೆಣ್ಣುಮಕ್ಕಳು ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಈ ಡಬ್ಬಿ ಕೆನಡಾದಲ್ಲಿ ನಿಷೇಧಿತ ಆಯುಧ. ಕರಡಿಗೆ ಹೊಡೆಯುವ ಸ್ಪ್ರೇ ಮಾತ್ರ ಪರವಾಗಿಲ್ಲ. ಗಾಂಜಾ? ವಾಷಿಂಗ್ಟನ್ ರಾಜ್ಯದಲ್ಲೂ ಕಾನೂನುಬದ್ಧ, 2018ರಿಂದ ಕೆನಡಾದಲ್ಲೂ ಕಾನೂನುಬದ್ಧ, ಆದರೆ ಗಡಿ ದಾಟಿಸಿದರೆ ಅಪರಾಧ!

"ಸೌದೆ ಇದೆಯಾ?" ಅಂತ ಕೇಳಿದಾಗ ಹಿಂದಿನಿಂದ ಅಪ್ಪ, "ಇವರಿಗೆ ಸೌದೆ ಯಾಕೋ ಬೇಕು?" ಅಂದರು. ಕ್ಯಾಂಪಿನಲ್ಲಿ ಬೆಂಕಿ ಹಾಕಲು ಜನ ಸೌದೆ ಹೊತ್ತೊಯ್ಯುತ್ತಾರಲ್ಲ, ಅದರ ಜೊತೆ ತೊಗಟೆಯೊಳಗಿನ ಹುಳವೂ ಪ್ರಯಾಣ ಮಾಡುತ್ತೆ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಹುಳ 2002ರಲ್ಲಿ ಮಿಶಿಗನ್‌ನಲ್ಲಿ ಕಾಣಿಸಿಕೊಂಡಿತು. ಆಮೇಲೆ ಎರಡೂ ದೇಶಗಳಲ್ಲಿ ಕೋಟಿಗಟ್ಟಲೆ ಮರ ತಿಂದುಹಾಕಿದೆ. ಹಾಗಾಗಿ ಸೌದೆ ಎಲ್ಲಿ ಉರಿಸುತ್ತೀರೋ ಅಲ್ಲೇ ಕೊಳ್ಳಬೇಕು. ಆಕೆ ಒಳಗೆ ಹತ್ತಿ ಫ್ರಿಜ್ಜು ತೆಗೆದು ನೋಡಿದರು, ಅಟ್ಟದ ಮೇಲೆ ಇಣುಕಿದರು, ಅಮ್ಮನ ಕಡೆ ನೋಡಿ ನಕ್ಕು ಇಳಿದರು. "ಮನೆ ನೋಡೋಕೆ ಬಂದೋಳಿಗೆ ಒಂದು ಲೋಟ ನೀರೂ ಕೊಡಲಿಲ್ವಲ್ಲೋ" ಅಂತ ಅಮ್ಮನಿಗೆ ಬೇಜಾರು.

ಗಡಿ ದಾಟಿದರೆ ಆ್ಯಬಟ್ಸ್‌ಫರ್ಡ್. ಮೈಲಿಗಟ್ಟಲೆ ಬ್ಲೂಬೆರಿ ತೋಟ, ಹೆಚ್ಚಿನವು ಪಂಜಾಬಿಗಳದು. ಇಲ್ಲಿ 1911ರಲ್ಲಿ ಕಟ್ಟಿದ ಮರದ ಗುರುದ್ವಾರ ಇದೆ, ಉತ್ತರ ಅಮೆರಿಕದಲ್ಲಿ ಉಳಿದಿರುವವುಗಳಲ್ಲಿ ಅದೇ ಹಳೆಯದು. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಸಿಖ್ಖರು ದಿಮ್ಮಿಗಳನ್ನು ಹೆಗಲ ಮೇಲೆ ಹೊತ್ತು ತಂದು ಕಟ್ಟಿದ್ದು. ಅಪ್ಪ ಅಲ್ಲಿ ಬಹಳ ಹೊತ್ತು ಕೂತರು.

ಆ ಬಯಲಿನ ಇನ್ನೊಂದು ಕಥೆಯೂ ಅಪ್ಪನಿಗೆ ಹಿಡಿಸಿತು. ಅದು ಮೊದಲು ಸೂಮಸ್ ಎಂಬ ದೊಡ್ಡ ಕೆರೆ. 1924ರ ಹೊತ್ತಿಗೆ ನೀರೆಲ್ಲ ಬಸಿದು ಹೊಲ ಮಾಡಿದರು. 2021ರ ನವೆಂಬರ್ ಮಳೆಗೆ ಅಮೆರಿಕದ ಕಡೆಯ ನೂಕ್‌ಸ್ಯಾಕ್ ನದಿ ಉಕ್ಕಿ, ಗಡಿ ದಾಟಿ ಬಂದು, ಹಳೆಯ ಕೆರೆ ಇದ್ದ ಜಾಗದಲ್ಲೇ ನಿಂತಿತು. ಹಸುಗಳನ್ನು ಜೆಟ್ ಸ್ಕೀಗೆ ಕಟ್ಟಿ ಎಳೆದು ಕಾಪಾಡಿದ್ದರು. "ನಮ್ಮಲ್ಲಿ ನೀರು ಬಿಡಲ್ಲ ಅಂತ ಜಗಳ, ಇಲ್ಲಿ ಬಿಟ್ಟರು ಅಂತ ಜಗಳ" ಅಂದರು ಮಂಡ್ಯದ ಅಪ್ಪ.

ಹೋಪ್ ಎಂಬ ಊರು ದಾಟಿದ ಮೇಲೆ ಕೋಕಿಹಾಲಾ ಹೆದ್ದಾರಿ. 1986ರಲ್ಲಿ ವ್ಯಾಂಕೂವರ್‌ನ ಎಕ್ಸ್‌ಪೋ ಎಂಬ ವಿಶ್ವ ಮೇಳಕ್ಕೆ ಸರಿಯಾಗಿ ತೆರೆದ ರಸ್ತೆ. ನೆತ್ತಿ 1,244 ಮೀಟರ್ ಎತ್ತರದಲ್ಲಿದೆ. ಅದೇ 2021ರ ಮಳೆಗೆ ಇದರ ಸೇತುವೆಗಳೂ ಕೊಚ್ಚಿಹೋಗಿದ್ದವು. 35 ದಿನಕ್ಕೆ ಲಾರಿಗಳಿಗೆ ತೆರೆದರು. ಇಲ್ಲಿ ವೇಗದ ಮಿತಿ ಗಂಟೆಗೆ 120 ಕಿಲೋಮೀಟರ್. ನಮ್ಮ ಗಾಡಿ ಏರಿನಲ್ಲಿ 70ಕ್ಕೇ ಮುಕ್ಕರಿಯುತ್ತಿತ್ತು. ಬಲಗಡೆ ಲಾರಿಗಳ ಹಿಂದೆ ಸುಮ್ನೆ ಹೋಗಬೇಕು, ಅಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರಬಾರದು, ಇಂಜಿನ್ನೇ ವೇಗ ತಡೆಯುವ ಹಾಗೆ ಟೋ ಮೋಡ್ ಹಾಕಿ ಗೇರ್‌ನಲ್ಲೇ ಇಳಿಸಬೇಕು.

ಅಮೆರಿಕದ ಗಾಡಿಯಲ್ಲಿ ಮೈಲಿ ದೊಡ್ಡದಾಗಿ, ಕಿಲೋಮೀಟರ್ ಒಳಗೆ ಸಣ್ಣದಾಗಿ ಬರೆದಿರುತ್ತೆ. ಅದು ಹೇಗೋ ಅಭ್ಯಾಸವಾಗುತ್ತೆ. ತಲೆಬಿಸಿ ಸೇತುವೆಗಳದು. ಗಾಡಿಯ ಎತ್ತರ ಅಡಿಯಲ್ಲಿ ಗೊತ್ತು, ಬೋರ್ಡು ಮೀಟರಿನಲ್ಲಿ. 12 ಅಡಿ ಅಂದರೆ 3.66 ಮೀಟರ್. ನನ್ನ ಹೆಂಡತಿ ದೊಡ್ಡ ಅಕ್ಷರದಲ್ಲಿ "3.7" ಅಂತ ಚೀಟಿ ಬರೆದು ಗಾಜಿನ ಮೇಲುಗಡೆ ಅಂಟಿಸಿಬಿಟ್ಟಳು. ಪೆಟ್ರೋಲ್ ಮಾತ್ರ ಕೇಳಬೇಡಿ. ಟ್ಯಾಂಕ್ 55 ಗ್ಯಾಲನ್, ಅಂದರೆ 200 ಲೀಟರ್ ಮೇಲೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಸಹ ನೆಟ್ಟಗೆ ಬರಲ್ಲ. ಅಪ್ಪ ಪೆನ್ನು ಹಿಡಿದು ಲೆಕ್ಕ ಹಾಕಿ, "ಕೆಎಸ್‌ಆರ್‌ಟಿಸಿ ಬಸ್ಸೇ ಇದಕ್ಕಿಂತ ವಾಸಿ, ಐವತ್ತು ಜನ ಬೇರೆ ಕೂರ್ತಾರೆ" ಅಂದರು.

ಇನ್ನು ಯಾರೂ ಫೋಟೋ ಹಾಕದ ಕೆಲಸದ ಬಗ್ಗೆ ಹೇಳಬೇಕು. ಆರ್‌ವಿಗೆ ಮೂರು ಟ್ಯಾಂಕ್. ಒಂದು ಒಳ್ಳೆ ನೀರಿಗೆ, ಒಂದು ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ, ಇನ್ನೊಂದು ಯಾವುದಕ್ಕೆ ಅಂತ ಬೇರೆ ಹೇಳಬೇಕಿಲ್ಲ. ತುಂಬಿದ ಮೇಲೆ ಖಾಲಿ ಮಾಡುವ ಜಾಗಕ್ಕೆ ಕೆನಡಾದಲ್ಲಿ ಸ್ಯಾನಿ-ಡಂಪ್ ಅನ್ನುತ್ತಾರೆ. ಕೈಗೆ ಗ್ಲೌಸ್ ಹಾಕಿ, ದಪ್ಪ ಪೈಪು ಜೋಡಿಸಿ, ಮೊದಲು ಆ ಮೂರನೆಯ ಟ್ಯಾಂಕಿನ ವಾಲ್ವ್ ಎಳೆಯಬೇಕು. ಅದು ಪೂರ್ತಿ ಇಳಿದ ಮೇಲೆ ಪಾತ್ರೆ ನೀರಿನದು. ಈ ಕ್ರಮ ತಪ್ಪಬಾರದು, ಯಾಕೆಂದರೆ ಸೋಪಿನ ನೀರು ಆಮೇಲೆ ಬಂದು ಪೈಪು ತೊಳೆಯಬೇಕು. ಹಿಂದೆ ಇನ್ನೂ ಐದಾರು ಗಾಡಿ ಕಾಯುತ್ತಿರುತ್ತವೆ, ಎಲ್ಲರೂ ಆರಾಮವಾಗಿ ಹವಾಮಾನ ಮಾತಾಡುತ್ತಿರುತ್ತಾರೆ. ಅಮ್ಮ ಕಿಟಕಿಯಿಂದ ನೋಡಿದರು. "ಊರಲ್ಲಿ ಯಾರಿಗೂ ಹೇಳ್ಬೇಡ ಕಣೋ, ಇಂಜಿನಿಯರ್ ಅಂತ ಹೇಳ್ಕೊಂಡಿದೀವಿ" ಅಂದರು. ಹೇಳುತ್ತಿದ್ದೇನೆ, ಅಮ್ಮ.

ರೆವೆಲ್‌ಸ್ಟೋಕ್ ದಾಟಿದ ಮೇಲೆ ರೋಜರ್ಸ್ ಪಾಸ್. ರಸ್ತೆಯ ಮೇಲೆ ಅಲ್ಲಲ್ಲಿ ಕಾಂಕ್ರೀಟಿನ ಚಾವಣಿ. ಮೇಲಿಂದ ಜಾರುವ ಹಿಮ ಆ ಚಾವಣಿಯ ಮೇಲೆ ಹಾದು ಕಣಿವೆಗೆ ಬೀಳಲಿ ಅಂತ. 1910ರ ಮಾರ್ಚ್‌ನಲ್ಲಿ ಇಲ್ಲಿ ಹಳಿಯ ಮೇಲಿನ ಹಿಮ ತೆಗೆಯುತ್ತಿದ್ದವರ ಮೇಲೆ ಇನ್ನೊಂದು ಹಿಮಪಾತ ಬಿದ್ದು 58 ಜನ ಸತ್ತರು, ಅವರಲ್ಲಿ 32 ಜನ ಜಪಾನಿನಿಂದ ಕೂಲಿಗೆ ಬಂದವರು. ಆಮೇಲೆ ರೈಲನ್ನು ಸುರಂಗದೊಳಗೆ ಇಳಿಸಿದರು. ಈಗಲೂ ಚಳಿಗಾಲದಲ್ಲಿ ಸೈನಿಕರು ಫಿರಂಗಿ ತಂದು ಬೆಟ್ಟಕ್ಕೆ ಗುಂಡು ಹೊಡೆದು, ಹಿಮ ಜಾಸ್ತಿ ಕೂಡುವ ಮೊದಲೇ ಬೀಳಿಸುತ್ತಾರೆ. 1961ರಿಂದ ನಡೆದುಬಂದಿದೆ. ನಾವು ಹೋದಾಗ ಬಿಸಿಲು, ಹಸಿರು. ಫಿರಂಗಿ ನಿಲ್ಲಿಸುವ ಕಾಂಕ್ರೀಟ್ ಕಟ್ಟೆ ರಸ್ತೆ ಪಕ್ಕ ಖಾಲಿ ಬಿದ್ದಿತ್ತು.

ಲೇಕ್ ಲೂಯಿಸ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ಭಾಗ. ಟೆಂಟಿನವರ ಜಾಗಕ್ಕೆ ಸುತ್ತಲೂ ಕರೆಂಟ್ ಬೇಲಿ, ಕರಡಿ ಬರಬಾರದು ಅಂತ. ನಮ್ಮಂಥ ಗಟ್ಟಿ ಗೋಡೆಯ ಗಾಡಿಗಳಿಗೆ ಬೇಲಿ ಇಲ್ಲ. "ಇಲ್ಲಿ ಜನ ಬೋನಿನಲ್ಲಿ, ಕರಡಿ ಹೊರಗೆ" ಅಂತ ಮಗಳು ಅಜ್ಜಿಗೆ ವಿವರಿಸುತ್ತಿದ್ದಳು. ಕರಡಿ ಬರಲಿಲ್ಲ. ರಾತ್ರಿಯೆಲ್ಲ ಬಂದದ್ದು ಗೂಡ್ಸ್ ರೈಲು. ಹಳಿ ಪಕ್ಕದಲ್ಲೇ ಇದೆ, ಈ ವಿಷಯ ಬುಕಿಂಗ್ ಮಾಡುವಾಗ ಯಾರೂ ಹೇಳಲ್ಲ. ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ವಾಹನ ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು. ಆರ್‌ವಿ ಇದ್ದವರಿಗೆ ಅದು ಒಳ್ಳೆಯದೇ. ಈ ಉದ್ದದ ಗಾಡಿಗೆ ಪಾರ್ಕಿಂಗ್ ಹುಡುಕುವ ಕಷ್ಟ ತಪ್ಪಿತು. ಕೆರೆಯ ನೀಲಿ ಬಣ್ಣದ ಬಗ್ಗೆ ನಾನು ಬರೆಯಲ್ಲ, ಫೋಟೋಗಳು ನಿಮ್ಮ ಫೋನಿನಲ್ಲೂ ಇರುತ್ತವೆ.

ವಾಪಸ್ ಬರುವಾಗ ಅಮೆರಿಕದವರ ಕಣ್ಣು ಹಣ್ಣು, ಸೊಪ್ಪಿನ ಮೇಲೆ. ಅದರಲ್ಲೂ ನಮ್ಮ ಕರಿಬೇವು! ಹಸಿ ಕರಿಬೇವನ್ನು ಅಮೆರಿಕಕ್ಕೆ ತರುವ ಹಾಗಿಲ್ಲ. ಅದರ ಎಲೆಯಲ್ಲಿ ಸಿಲಿಡ್ ಎಂಬ ಸಣ್ಣ ಕೀಟ ಇರಬಹುದು, ಅದು ನಿಂಬೆ, ಕಿತ್ತಳೆ ಗಿಡಗಳಿಗೆ ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಹರಡುತ್ತೆ. ಫ್ಲೋರಿಡಾದ ಕಿತ್ತಳೆ ತೋಟಗಳು ಈ ರೋಗಕ್ಕೇ ಹಾಳಾದದ್ದು. ನಿಂಬೆಹಣ್ಣಿಗೂ ಅದೇ ಕಥೆ. ಅಮ್ಮ ದಾರಿಯಲ್ಲಿ ಒಂದು ಇಂಡಿಯನ್ ಅಂಗಡಿಯಲ್ಲಿ ಎರಡೂ ಕೊಂಡಿದ್ದರು, ಧಾರಾಳವಾಗಿ. ಹಾಗಾಗಿ ಗಡಿಗೆ ಮುಂಚಿನ ಕ್ಯಾಂಪಿನಲ್ಲಿ ಖಾಲಿ ಮಾಡುವ ಅಡುಗೆ. ಚಿತ್ರಾನ್ನಕ್ಕೆ ಹುಳಿ ಮುಂದಾಗಿ, ಮಜ್ಜಿಗೆಗೂ ಒಗ್ಗರಣೆ, ಉಳಿದ ನಿಂಬೆಗೆ ಪಾನಕ. ಪಕ್ಕದ ಗಾಡಿಯ ಆಲ್ಬರ್ಟಾದ ವೃದ್ಧ ದಂಪತಿಗೆ ಒಂದು ತಟ್ಟೆ ಕೊಟ್ಟು ಕಳಿಸಿದರು. ಅವರು ಎಲೆಗಳನ್ನೂ ಬಿಡದೆ ತಿಂದರು.

ಸೂಮಸ್ ಗಡಿಯಲ್ಲಿ, ಗಾಡಿಯಲ್ಲಿ ಉಳಿದ ತಿನ್ನುವ ಸಾಮಾನನ್ನೆಲ್ಲ ನಾನೇ ಓದಿ ಹೇಳಿದೆ. ಇಲ್ಲಿ ಮುಖ್ಯ ವಿಷಯ ಇದೇ. ಇದೆ ಅಂತ ಮೊದಲೇ ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ, ಹೇಳದೆ ಸಿಕ್ಕಿದರೆ ದಂಡ. ಅಪ್ಪ ಅಮ್ಮನ ಪಾಸ್‌ಪೋರ್ಟ್ ನೋಡಿದರು. ಒಂದು ಮಾತು, ಕೆನಡಾಕ್ಕೆ ಹೋಗಿ ಬಂದ ಮಾತ್ರಕ್ಕೆ ಅಮೆರಿಕದಲ್ಲಿ ಇರಲು ಅವರಿಗೆ ಕೊಟ್ಟ ಆರು ತಿಂಗಳು ಸಾಮಾನ್ಯವಾಗಿ ಹೊಸದಾಗಿ ಶುರುವಾಗುವುದಿಲ್ಲ, ಹಳೆಯ ತಾರೀಕೇ ಮುಂದುವರಿಯುತ್ತೆ. ಅಧಿಕಾರಿ ಒಳಗೆ ಬಂದು ಫ್ರಿಜ್ಜು ನೋಡಿದ. ಆಮೇಲೆ ಮೇಲಿನ ಕಪಾಟು ತೆಗೆದು ಒಂದು ಸಣ್ಣ ಹಳದಿ ಡಬ್ಬಿ ಎತ್ತಿಕೊಂಡ. ಇದೇನು ಅಂದ. ನಾನು ಇಂಗ್ಲಿಷಿನಲ್ಲಿ ಹೆಸರು ಹುಡುಕುವಷ್ಟರಲ್ಲಿ ಅಮ್ಮ, "ಇಂಗು. ಮೂಸಿ ನೋಡಪ್ಪ" ಅಂದರು. ಮಾತು ಅರ್ಥವಾಗದಿದ್ದರೂ ಸನ್ನೆ ಅರ್ಥವಾಯಿತು. ಮುಚ್ಚಳ ತೆಗೆದ, ತಕ್ಷಣ ಮುಚ್ಚಿದ, ಹೋಗಿ ಅಂದ.

ಗಾಡಿ ಹಿಂದಿರುಗಿಸುವಾಗ ಬಾಡಿಗೆಯವರು ಟ್ಯಾಂಕ್‌ಗಳು ಖಾಲಿಯಿವೆಯಾ, ಪ್ರೊಪೇನ್ ಗ್ಯಾಸ್ ಎಷ್ಟಿದೆ, ಎಲ್ಲಾದರೂ ಗೀರಿದೆಯಾ ಅಂತ ಸುತ್ತಿ ನೋಡಿದರು. ಎಲ್ಲ ಸರಿಯಾಗಿತ್ತು. ಕೊನೆಗೆ ಆ ಹುಡುಗ ಬಾಗಿಲು ತೆಗೆದು ಒಳಗೆ ಕಾಲಿಟ್ಟ. ಒಂದು ಕ್ಷಣ ನಿಂತ. "ಕಿಟಕಿಗಳನ್ನೆಲ್ಲ ತೆಗೆದಿಟ್ಟು ಹೋಗ್ತೀರಾ?" ಅಂತ ತುಂಬಾ ವಿನಯದಿಂದ ಕೇಳಿದ.