ಹಗಲಲ್ಲಿ ಉರಿಯುವ ಕಾರಿನ ಲೈಟು ಬಂದ್ ಮಾಡಿಸಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೊಸ ಕಾರು ತೆಗೆದುಕೊಂಡವರು, ಹಾಸನದವರಾಗಲಿ ಚಿಕ್ಕಮಗಳೂರಿನವರಾಗಲಿ, ತಿಂಗಳೊಳಗೆ ಕೇಳುವ ಪ್ರಶ್ನೆ ಇದು: "ಹಗಲು ಹೊತ್ತಲ್ಲೂ ಮುಂದೆ ಉರೀತಿರುತ್ತಲ್ಲ ಬಿಳಿ ಲೈಟು, ಅದನ್ನ ಬಂದ್ ಮಾಡಿಸಬಹುದಾ?" ಎದುರು ಬರುವವರು ಬೆರಳು ಮುಚ್ಚಿ ತೆರೆದು "ಲೈಟ್ ಆನ್ ಇದೆ" ಅಂತ ಸನ್ನೆ ಮಾಡುತ್ತಾರೆ. ಬ್ಯಾಟರಿ ಇಳಿದುಹೋಗುತ್ತೆ ಅಂತ ಒಬ್ಬರು, ಪೆಟ್ರೋಲ್ ದಂಡ ಅಂತ ಇನ್ನೊಬ್ಬರು ಹೆದರಿಸುತ್ತಾರೆ. ನನ್ನ ಉತ್ತರ: ಬಂದ್ ಮಾಡಿಸಬೇಡಿ. ಆದರೆ ಅದು ಉರೀತಿದೆ ಅಂತ ಹೆಡ್‌ಲೈಟ್ ಹಾಕೋದನ್ನ ಮರೀಬೇಡಿ. ನಮ್ಮ ಕಡೆಯ ರಸ್ತೆಗಳಲ್ಲಿ ಎರಡನೇ ಮಾತೇ ಹೆಚ್ಚು ಮುಖ್ಯ.

ಡೇಟೈಮ್ ರನ್ನಿಂಗ್ ಲೈಟ್, ಅಂದರೆ ಡಿಆರ್‌ಎಲ್, ಇರೋದು ನಿಮಗೆ ದಾರಿ ಕಾಣಲಿ ಅಂತಲ್ಲ, ಎದುರಿನವರಿಗೆ ನೀವು ಕಾಣಲಿ ಅಂತ. ಹಗಲಲ್ಲೂ ದೀಪ ಹಚ್ಚಿ ಓಡಿಸಬೇಕು ಅಂತ ಸ್ವೀಡನ್ 1977ರಲ್ಲೇ ಕಾನೂನು ಮಾಡಿತು. ಯುರೋಪಿಯನ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ. ನಮ್ಮಲ್ಲಿ ಕಾರಿಗೆ ಕಡ್ಡಾಯವಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರುಗಳಿಗೆ ಮಾತ್ರ ಹೆಡ್‌ಲೈಟ್ ಸದಾ ಉರಿಯುವಂತೆ ಮಾಡಿದ್ದಾರೆ. ಬಯಲಿನ ನೇರ ರಸ್ತೆಯಲ್ಲಿ, ಅರಸೀಕೆರೆ ಕಡೆ ಅಂದುಕೊಳ್ಳಿ, ನಡು ಮಧ್ಯಾಹ್ನ ಇದರಿಂದ ದೊಡ್ಡ ವ್ಯತ್ಯಾಸ ತಿಳಿಯೋದಿಲ್ಲ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ನಡುವೆ ಹೋಗುವಾಗ ತಿಳಿಯುತ್ತದೆ. ಸಿಲ್ವರ್ ಓಕ್ ನೆರಳು ಒಂದು ಮಾರು, ಕಣ್ಣು ಕುಕ್ಕುವ ಬಿಸಿಲು ಒಂದು ಮಾರು. ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ನೆರಳಲ್ಲಿರುವ ಬೂದು ಬಣ್ಣದ ಕಾರು ತಿರುವಿಗೆ ಬರುವ ತನಕ ಕಾಣೋದಿಲ್ಲ. ಎರಡು ಬಿಳಿ ಚುಕ್ಕಿ ಕಂಡರೆ ಲಾರಿಯವರು ಮೊದಲೇ ಎಡಕ್ಕೆ ಸರಿಯುತ್ತಾರೆ.

ಬ್ಯಾಟರಿ, ಪೆಟ್ರೋಲಿನ ಭಯಕ್ಕೆ ಲೆಕ್ಕವೇ ಉತ್ತರ. ಎಲ್‌ಇಡಿ ಡಿಆರ್‌ಎಲ್ ಎರಡೂ ಸೇರಿ ಸುಮಾರು 10 ವ್ಯಾಟ್, ಅಂದರೆ ಒಂದು ಆಂಪಿಯರ್‌ಗಿಂತ ಕಡಿಮೆ. ಇಂಜಿನ್ ಓಡುವಾಗ ಅದನ್ನು ಕೊಡೋದು ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಕರೆಂಟ್ ಯಂತ್ರ), ಬ್ಯಾಟರಿಯಲ್ಲ. 100 ಗಂಟೆ ಉರಿದರೆ ಒಂದು ಯೂನಿಟ್. ನಷ್ಟ ಎಲ್ಲ ಕಳೆದು ಒಂದು ಲೀಟರ್ ಪೆಟ್ರೋಲಿನಿಂದ ಕಾರಿನಲ್ಲಿ ಸುಮಾರು ಒಂದೂಕಾಲು ಯೂನಿಟ್ ಕರೆಂಟ್ ಹುಟ್ಟುತ್ತದೆ. ಗಂಟೆಗೆ 40 ಕಿಲೋಮೀಟರ್ ಅಂತ ಹಿಡಿದರೂ 4,000 ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಚಿಲ್ಲರೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಇದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ.

ಕಣ್ಣು ಕುಕ್ಕುತ್ತೆ ಅನ್ನುವ ದೂರು ಸುಳ್ಳಲ್ಲ, ಆದರೆ ಬಹುಪಾಲು ಅದು ಕಂಪನಿ ಡಿಆರ್‌ಎಲ್ ಮೇಲೆ ಹೊರಿಸಬೇಕಾದದ್ದಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಇದರ ಬೆಳಕು 400ರಿಂದ 1,200 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಒಳಗಿರಬೇಕು, ಹೆಡ್‌ಲೈಟ್ ಹಾಕಿದ ಕೂಡಲೇ ಆರಬೇಕು, ಇಲ್ಲವೇ ಪಾರ್ಕ್ ಲೈಟಿನ ಮಟ್ಟಕ್ಕೆ ಮಂಕಾಗಬೇಕು. ರಾತ್ರಿ ಕಣ್ಣು ಕುಕ್ಕೋದು ಹೆಚ್ಚಾಗಿ ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿಗೆ ತುರುಕಿದ ಎಲ್‌ಇಡಿ ಬಲ್ಬು, ಅಥವಾ ಅಂಗಡಿಯಲ್ಲಿ ಬಂಪರಿಗೆ ಅಂಟಿಸಿದ ಡಿಆರ್‌ಎಲ್ ಪಟ್ಟಿ. ಆ ಪಟ್ಟಿಯ ಜೊತೆ ಮೂರು ವೈರ್ ಬರುತ್ತವೆ. ಕೆಂಪು ಪಾಸಿಟಿವ್‌ಗೆ, ಕಪ್ಪು ಅರ್ಥಿಂಗ್‌ಗೆ, ಮೂರನೆಯದು ಪಾರ್ಕ್ ಲೈಟಿನ ಪಾಸಿಟಿವ್‌ಗೆ. ಪಾರ್ಕ್ ಲೈಟ್ ಹೊತ್ತಿದಾಗ ಪಟ್ಟಿಯನ್ನು ಆರಿಸೋದು ಅಥವಾ ಮಂಕು ಮಾಡೋದು ಈ ಮೂರನೇ ವೈರ್. ಅವಸರದಲ್ಲಿ ಅದಕ್ಕೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಅದನ್ನು ಜೋಡಿಸಿದರೆ ಅರ್ಧ ದೂರು ನಿಲ್ಲುತ್ತದೆ. ಕೆಂಪು ವೈರನ್ನು ನೇರ ಬ್ಯಾಟರಿಗೆ ಕೊಟ್ಟು, ವೋಲ್ಟೇಜ್ ನೋಡಿ ತಾನೇ ಹೊತ್ತುವ ಕಿಟ್ ಹಾಕಿದ್ದರೆ ಇನ್ನೊಂದು ತೊಂದರೆ: ಈಗಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರ್ ಆಗಾಗ ವೋಲ್ಟೇಜ್ ಇಳಿಸುತ್ತದೆ, ಆಗ ಲೈಟು ಮಿಣುಕುತ್ತದೆ. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಕಡೆ, 3 ಆಂಪಿಯರ್ ಫ್ಯೂಸ್ ಹಾಕಿ ಕೊಡಿಸೋದೇ ಸರಿ. ಬ್ಯಾಟರಿ ನಿಜವಾಗಿ ಇಳಿಯೋದೂ ನೇರ ಬ್ಯಾಟರಿಗೆ ಕೊಟ್ಟ ಕಿಟ್ ರಾತ್ರಿಯಿಡೀ ಆರದೆ ಉಳಿದಾಗಲೇ.

ಈಗ ಮಂಜಿನ ವಿಷಯ. ಬಹಳಷ್ಟು ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಹಿಂದಿನ ಕೆಂಪು ಲೈಟು ಉರಿಯೋದಿಲ್ಲ. ಮುಂದೆ ಬೆಳಕಿದೆ, ಡ್ಯಾಶ್‌ಬೋರ್ಡ್ ಪರದೆ ಸದಾ ಬೆಳಗುತ್ತಿರುತ್ತದೆ, ಹಾಗಾಗಿ ಓಡಿಸುವವರಿಗೆ ಎಲ್ಲ ಲೈಟೂ ಆನ್ ಇದ್ದಂತೆ ಅನ್ನಿಸುತ್ತದೆ. ಹಿಂದಿನಿಂದ ನೋಡಿದರೆ ಕಾರು ಕತ್ತಲು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಜುಲೈ ತಿಂಗಳ ಮಧ್ಯಾಹ್ನ, ಬಿಳಿ ಕಾರೊಂದು ಮುಂದೆ ಹೋಗುತ್ತಿದೆ ಅಂತ ಗೊತ್ತಾಗೋದು ಅದು ಬ್ರೇಕ್ ಒತ್ತಿದಾಗ. ಅಷ್ಟರಲ್ಲಿ ತಡವಾಗಿರಬಹುದು.

"ನನ್ನ ಕಾರಲ್ಲಿ ಆಟೋ ಹೆಡ್‌ಲೈಟ್ ಇದೆ" ಅನ್ನೋರು ಇದನ್ನು ಗಮನಿಸಬೇಕು. ಆ ಸೆನ್ಸರ್ ಅಳೆಯೋದು ಬೆಳಕನ್ನು, ಮಂಜನ್ನಲ್ಲ. ಹಗಲಿನ ಮಂಜು ಬೆಳ್ಳಗೆ ಹೊಳೆಯುತ್ತದೆ, ಸೆನ್ಸರ್‌ಗೆ ಅದು ಹಾಡುಹಗಲು. ವೈಪರ್ ಜೊತೆಗೆ ಹೆಡ್‌ಲೈಟ್ ಹೊತ್ತುವ ಕಾರುಗಳೂ ಇವೆ, ಆದರೆ ಮಂಜಿನಲ್ಲಿ ವೈಪರ್ ಆಡಿಸೋದು ಆಗೊಮ್ಮೆ ಈಗೊಮ್ಮೆ. ಆದ್ದರಿಂದ ಸ್ವಿಚ್ ಅನ್ನು ಕೈಯಲ್ಲೇ ಲೋ ಬೀಮ್‌ಗೆ ತಿರುಗಿಸಿ. ಹೈ ಬೀಮ್ ಬೇಡ, ನೀರಿನ ಕಣಗಳಿಗೆ ತಾಗಿ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಿಂದಿನ ಫಾಗ್ ಲ್ಯಾಂಪ್ ಇದ್ದರೆ ದಟ್ಟ ಮಂಜಿನಲ್ಲಿ ಹಾಕಿ. ಮಾಮೂಲಿ ಟೇಲ್ ಲೈಟಿಗಿಂತ ಅದು ಹತ್ತಾರು ಪಟ್ಟು ಪ್ರಖರ, ಮಂಜು ತಿಳಿಯಾದ ಕೂಡಲೇ ಆರಿಸಬೇಕು. ಹಜಾರ್ಡ್ ಹಾಕಿಕೊಂಡು ಓಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಶಿರಾಡಿ ಘಾಟಿಯಲ್ಲಿ ಇದನ್ನು ದಿನವೂ ನೋಡಬಹುದು. ನಾಲ್ಕೂ ಇಂಡಿಕೇಟರ್ ಮಿಟುಕುತ್ತಿದ್ದರೆ ನೀವು ನಿಂತಿದ್ದೀರೋ, ಬಲಕ್ಕೆ ತಿರುಗುತ್ತೀರೋ ಹಿಂದಿನವರಿಗೆ ತಿಳಿಯೋದಿಲ್ಲ.

ಇಷ್ಟಾದರೂ ಬಂದ್ ಮಾಡಲು ನ್ಯಾಯವಾದ ಕಾರಣ ಕೆಲವರಿಗೆ ಇರುತ್ತದೆ. ಒಂದು ಕಡೆಯದು ಕೆಟ್ಟು ಮಿಟುಕುತ್ತಿದೆ, ಹೊಸ ಹೆಡ್‌ಲ್ಯಾಂಪ್ ಬರುವ ತನಕ ಆರಿಸಬೇಕು ಅಂತ. ಅದಕ್ಕೂ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಮಳೆಗಾಲ ಕಳೆದ ಕಾರಿನಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದಲೇ ಸರಿಹೋಗಬಹುದು. ಗಾಜಿನೊಳಗೆ ತೆಳು ಆವಿ ಕೂತು, ಲೈಟ್ ಹಾಕಿದ ಮೇಲೆ ನಿಧಾನಕ್ಕೆ ಮಾಯವಾದರೆ ಚಿಂತೆಯಿಲ್ಲ, ಲ್ಯಾಂಪಿಗೆ ಉಸಿರಾಡುವ ತೂತು ಇರುತ್ತದೆ. ತಳದಲ್ಲಿ ನೀರು ನಿಂತಿದ್ದರೆ ಸೀಲ್ ಹೋಗಿದೆ. ಎಲ್‌ಇಡಿ ಬೋರ್ಡ್ ಸುಡುವ ಮೊದಲೇ ಬಿಚ್ಚಿ ಒಣಗಿಸಿ ಸೀಲ್ ಮಾಡಿಸಿ. ಬಹಳಷ್ಟು ಕಾರುಗಳಿಗೆ ಆ ಬೋರ್ಡ್ ಬಿಡಿಯಾಗಿ ಸಿಗೋದಿಲ್ಲ, ಇಡೀ ಹೆಡ್‌ಲ್ಯಾಂಪೇ ಕೊಳ್ಳಬೇಕಾಗುತ್ತದೆ.

ಆರಿಸಲೇಬೇಕಿದ್ದರೆ ಮೊದಲು ಕಾರಿನ ಕೈಪಿಡಿ ತೆರೆಯಿರಿ. ಕೆಲವು ಕಾರುಗಳ ಸೆಟ್ಟಿಂಗ್ಸ್ ಮೆನುವಿನಲ್ಲೇ ಆಯ್ಕೆ ಇರುತ್ತದೆ. ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ತಾನೇ ಆರುತ್ತದೆ, ಗೇಟಿನ ಮುಂದೆ ಇಂಜಿನ್ ಓಡಿಸಿಕೊಂಡು ಕಾಯುವವರಿಗೆ ಅಷ್ಟು ಸಾಕು. ಇನ್ನು ಕೆಲವಕ್ಕೆ ಓಬಿಡಿ ಪೋರ್ಟಿನ (ತಪಾಸಣೆಯ ಕಂಪ್ಯೂಟರ್ ಜೋಡಿಸುವ ಸಾಕೆಟ್) ಮೂಲಕ ಸರ್ವಿಸ್ ಸೆಂಟರಿನಲ್ಲಿ ಬದಲಾಯಿಸಿಕೊಡುತ್ತಾರೆ. ಇವು ಯಾವುದೂ ಇಲ್ಲದಿದ್ದರೆ ಫ್ಯೂಸ್. ಇಗ್ನಿಷನ್ ಆಫ್ ಮಾಡಿ, ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಿನ ಚಿತ್ರದಲ್ಲಿ ಡಿಆರ್‌ಎಲ್ ಅಂತ ಪ್ರತ್ಯೇಕ ಹೆಸರಿದೆಯೇ ನೋಡಿ. ಇದ್ದರೆ ಅಲ್ಲಿರುವ ಪ್ಲಾಸ್ಟಿಕ್ ಚಿಮಟದಿಂದ ಕೀಳಿ. ಆಮೇಲೆ ಪಾರ್ಕ್, ಲೋ, ಹೈ, ಇಂಡಿಕೇಟರ್, ಬ್ರೇಕ್, ಹಾರ್ನ್, ವೈಪರ್ ಒಂದೊಂದನ್ನೂ ಪರೀಕ್ಷಿಸಿ, ಒಂದೇ ಫ್ಯೂಸಿಗೆ ಎರಡು ಮೂರು ಕೆಲಸ ಅಂಟಿಕೊಂಡಿರುವುದುಂಟು.

ವೈರ್ ಮಾತ್ರ ಕತ್ತರಿಸಬೇಡಿ, ಯಾರು ಸಲಹೆ ಕೊಟ್ಟರೂ. ಈಗಿನ ಎಷ್ಟೋ ಕಾರುಗಳಲ್ಲಿ ಡಿಆರ್‌ಎಲ್ ಮತ್ತು ಪಾರ್ಕ್ ಲೈಟ್ ಒಂದೇ ಎಲ್‌ಇಡಿ, ಹಗಲು ಪೂರ್ತಿ ಬೆಳಕು, ರಾತ್ರಿ ಮಂಕು. ಕತ್ತರಿಸಿದರೆ ಎರಡೂ ಹೋಗುತ್ತವೆ. ಕರೆಂಟ್ ಹರಿಯದಿರುವುದನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಲೈಟು ಮುಂತಾದವನ್ನು ನಿಯಂತ್ರಿಸುವ ಕಾರಿನ ಕಂಪ್ಯೂಟರ್, ಗುರುತಿಸಿ ಮೀಟರಿನಲ್ಲಿ ಎಚ್ಚರಿಕೆ ತೋರಿಸಬಹುದು. ಕತ್ತರಿಸಿದ ತುದಿಯಲ್ಲಿ ಮಳೆನೀರು ಒಳಹೋಗಿ ತಾಮ್ರ ಕಪ್ಪಾಗುತ್ತದೆ, ವಾರಂಟಿ ಕೇಳುವಾಗ ತಕರಾರು ಬರುತ್ತದೆ. ಕಿತ್ತ ಫ್ಯೂಸನ್ನು ಸಣ್ಣ ಕವರಿಗೆ ಹಾಕಿ, ಯಾವ ನಂಬರಿನದು ಎಂದು ಬರೆದು, ಬಾಕ್ಸ್ ಮುಚ್ಚಳದ ಮೇಲೆಯೇ ಟೇಪಿನಿಂದ ಅಂಟಿಸಿಡಿ. ವಾಪಸ್ ಹಾಕುವಾಗ ಬಣ್ಣ ನೋಡಿ: ಕಂದು 7.5, ಕೆಂಪು 10, ನೀಲಿ 15 ಆಂಪಿಯರ್. ಕೆಂಪು ಇದ್ದ ಜಾಗಕ್ಕೆ ನೀಲಿ ಹಾಕಿದರೆ ಲೈಟೇನೋ ಉರಿಯುತ್ತದೆ, ಆದರೆ ಶಾರ್ಟ್ ಆದ ದಿನ ಫ್ಯೂಸಿಗಿಂತ ಮೊದಲು ವೈರ್ ಸುಟ್ಟೀತು.