ಕೆಂಚಿಯ ಕಾಲಲ್ಲಿದ್ದ ಹಳದಿ ಗಟ್ಟಿ

ನಮ್ಮ ಹ್ಯಾಟೆ ಕೆಂಚಿ ಹತ್ತು ದಿನದಿಂದ ಎಡಗಾಲು ಎತ್ತಿಕೊಂಡೇ ನಿಲ್ಲುತ್ತಿತ್ತು. ಹಿಡಿದು ನೋಡಿದರೆ ಪಾದದ ಅಡಿ ಊದಿದೆ, ನಡುವೆ ಕಪ್ಪು ಹಕ್ಕಳೆ. "ಜಾಲಿ ಮುಳ್ಳು ಕಣೋ" ಅಂದರು ಅಮ್ಮ. ಅರಿಶಿನ ಹಚ್ಚಿದೆವು. ಜಗ್ಗಲಿಲ್ಲ.

ಕೊನೆಗೆ ಬುಟ್ಟಿಯಲ್ಲಿ ಹಾಕಿಕೊಂಡು ಪಶು ಡಾಕ್ಟರ ಹತ್ತಿರ ಹೋದೆ. ಅವರು ಹಕ್ಕಳೆ ಬಿಡಿಸಿ ಸಣ್ಣಗೆ ಕೊಯ್ದರು. ಕೀವು ಚಿಮ್ಮುತ್ತೆ ಅಂತ ನಾನು ಮುಖ ಹಿಂದಕ್ಕೆಳೆದುಕೊಂಡೆ. ಒಂದು ಹನಿಯೂ ಬರಲಿಲ್ಲ. ಚಿಮಟದಲ್ಲಿ ಎದ್ದು ಬಂದದ್ದು ಹುಣಸೆ ಬೀಜದಷ್ಟು ದಪ್ಪದ ಹಳದಿ ಗಟ್ಟಿ. ಒತ್ತಿದರೆ ಬೇಯಿಸಿದ ಮೊಟ್ಟೆಯ ಹಳದಿ ಥರ ಪುಡಿಯಾಗುತ್ತಿತ್ತು. ಒಳಗೆ ಮುರಿದ ಮುಳ್ಳಿನ ತುದಿ.

"ಕೀವೆಲ್ಲಿ ಸಾರ್?"

"ಇದೇ ರೀ ಕೀವು. ಕೋಳೀದು ನಮ್ಮ ಥರ ನೀರಾಗಲ್ಲ."

ನಮಗೆ ಮುಳ್ಳು ಚುಚ್ಚಿದರೆ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ. ಕೋಳಿಯಲ್ಲಿ ಆ ಕೆಲಸ ಹೆಟೆರೋಫಿಲ್‌ನದು. ಅದೂ ಕೆಲವೇ ಗಂಟೆಗಳಲ್ಲಿ ಬಂದು ಮುತ್ತಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳನ್ನು ನುಂಗುತ್ತದೆ. ಆದರೆ ನಮ್ಮ ಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಅನ್ನೋ ಕಿಣ್ವ ಅದರಲ್ಲಿಲ್ಲ. ಸತ್ತ ಕಣಗಳನ್ನು ಕರಗಿಸಿ ನೀರು ಮಾಡುವ ಶಕ್ತಿಯೂ ಕಡಿಮೆ. ಅವೆಲ್ಲ ಅಲ್ಲೇ ಒಣಗಿ ಗಟ್ಟಿಯಾಗುತ್ತವೆ. ಹಿಂದೆಯೇ ಬರುವ, ಕಸ ನುಂಗುವ ದೊಡ್ಡ ಬಿಳಿ ಕಣಗಳಾದ ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬೆಸೆದು ದೈತ್ಯ ಕಣಗಳಾಗಿ ಸುತ್ತ ಗೋಡೆ ಕಟ್ಟುತ್ತವೆ. ಮುಳ್ಳನ್ನು ಹೊರಗೆ ಹಾಕಲು ಆಗದಿದ್ದರೆ ಅಲ್ಲೇ ಸಮಾಧಿ. ಅರಿಶಿನ ಪಾಪ ಏನು ಮಾಡೀತು?

ಡಾಕ್ಟರು ಹುರುಪಿನಲ್ಲಿದ್ದರು. ಕೆಂಚಿಯ ಬಾಲ ಎತ್ತಿ, "ಇಲ್ಲಿ ಒಳಗೆ ಬರ್ಸಾ ಅಂತ ಒಂದು ಚೀಲ ಇತ್ತು. ಮೊಟ್ಟೆಗೆ ಬರೋ ಹೊತ್ತಿಗೆ ಕುಗ್ಗಿ ಹೋಗುತ್ತೆ" ಅಂದರು. ಅದು ಯಾತಕ್ಕಿದೆ ಅಂತ ನೂರಾರು ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. 1950ರ ದಶಕದಲ್ಲಿ ಅಮೆರಿಕದ ಒಹಾಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ ಕೋಳಿಮರಿಗಳ ಆ ಚೀಲ ತೆಗೆದು ಸಾಕಿದ್ದ. ಜೊತೆಗಾರ ಚಾಂಗ್, ರೋಗಾಣು ಎದುರಿಸಲು ಮೈ ತಯಾರಿಸುವ ಆಂಟಿಬಾಡಿ ಹೇಗೆ ಹುಟ್ಟುತ್ತೆ ಅಂತ ತರಗತಿಗೆ ತೋರಿಸಲು ಅವೇ ಕೋಳಿಗಳನ್ನು ಕೇಳಿ ಪಡೆದು ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚುಚ್ಚಿದ. ಆಂಟಿಬಾಡಿ ಹುಟ್ಟಲೇ ಇಲ್ಲ. ಪಾಠ ಕೆಟ್ಟಿತು! ಆದರೆ ಆ ಚೀಲದ ಕೆಲಸ ಏನು ಅನ್ನೋದು ಸಿಕ್ಕಿತು. ದೊಡ್ಡ ಪತ್ರಿಕೆ ಬೇಡ ಅಂದ ಲೇಖನ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಬಂತು. ನಮ್ಮ ಮೈಯಲ್ಲಿ ಆಂಟಿಬಾಡಿ ಮಾಡುವ ಬಿ ಸೆಲ್ ಇದೆಯಲ್ಲ, ಆ 'ಬಿ' ಬಂದದ್ದು ಈ ಬರ್ಸಾದಿಂದ. ಕೋವಿಡ್ ಕಾಲದಲ್ಲಿ ಅಷ್ಟು ಸಲ ಆ ಹೆಸರು ಕೇಳಿದ್ದೆ. ಕೋಳಿಯ ಬಾಲದ ಕೆಳಗಿನದು ಅಂತ ಒಬ್ಬರೂ ಹೇಳಿರಲಿಲ್ಲ, ನೋಡಿ.

ಆ ಹಳದಿ ಗಟ್ಟಿಯನ್ನು ಅಮ್ಮನಿಗೆ ತೋರಿಸೋಣ ಅಂತ ಕಾಗದದಲ್ಲಿ ಸುತ್ತಿ ತಂದಿದ್ದೆ. ಜಗಲಿ ಮೇಲೆ ಬಿಚ್ಚಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದು ಹ್ಯಾಟೆ ಕುಕ್ಕಿ ನುಂಗಿತ್ತು.